ಗಾಯ ನೋಡಿಯೇ ಹೇಳಿಬಿಟ್ಟರು

"ಗಾಡಿ ನಿಂದ್ರೂಕಿಂತ ಮೊದಲ ಇಳದ್ರೇನು? ಇಲ್ಲಾ ಇಳಿಸಿದ್ರೊ?"

ಎಕ್ಸ್‌ರೇ ಇನ್ನೂ ಆಗಿರಲಿಲ್ಲ. ಥಾಣೆಯ ಆಸ್ಪತ್ರೆಯೊಂದರ ಎಮರ್ಜೆನ್ಸಿ ವಿಭಾಗದಲ್ಲಿ ಎಡಗೈಯನ್ನು ಬಲಗೈಯಿಂದ ಎತ್ತಿ ಹಿಡಿದು ಕೂತಿದ್ದೆ. ಡ್ಯೂಟಿ ಡಾಕ್ಟರ್ ಸೋಲಾಪುರದವರು, ಚೀಟಿಯಲ್ಲಿ ನನ್ನ ಅಡ್ಡಹೆಸರು ನೋಡಿ ಸೀದಾ ಕನ್ನಡಕ್ಕೆ ಇಳಿದಿದ್ದರು. "ಎರಡೂ ಆತ್ರಿ" ಅಂದೆ. ನಾನು ಇಳಿಯಲು ಹೊರಟಿದ್ದೆ, ಹಿಂದಿನವರು ಇಳಿಸಿಯೇಬಿಟ್ಟರು. 2024ರ ಜುಲೈ, ಜಡಿಮಳೆ, ಒದ್ದೆ ಪ್ಲಾಟ್‌ಫಾರ್ಮ್. ಡೊಂಬಿವಲಿಯಿಂದ ಥಾಣೆಗೆ ಫಾಸ್ಟ್ ಲೋಕಲ್, ಅಲ್ಲಿಂದ ಟ್ರಾನ್ಸ್ ಹಾರ್ಬರ್ ಗಾಡಿಯಲ್ಲಿ ಐರೋಲಿಯ ಆಫೀಸು. ಇದು ನನ್ನ ಆರು ವರ್ಷದ ದಿನಚರಿ. ಅವತ್ತು ಭುಜ ಊರಿ ಬಿದ್ದೆ, ಕಾಲರ್ ಬೋನ್ ಮುರಿಯಿತು.

ನಿಮಗೆ ಹೇಗೆ ಗೊತ್ತಾಯಿತು ಎಂದು ಕೇಳಿದೆ. ಅವರು ನಕ್ಕು ಸುತ್ತ ಕಣ್ಣಾಡಿಸಿದರು. ಪಕ್ಕದ ಹಾಸಿಗೆಯಲ್ಲಿ ಡೆಲಿವರಿ ಹುಡುಗ, ಅಂಗೈ ತರಚಿ ಮಣಿಕಟ್ಟು ಊದಿತ್ತು. ಕಲ್ಯಾಣ್-ಶಿಳ್ ರಸ್ತೆಯ ಗುಂಡಿಯಲ್ಲಿ ಬೈಕ್ ಜಾರಿದಾಗ ಕೈ ಊರಿದ್ದ. ಮುಂದಕ್ಕೆ ಬೀಳುವವರು ಕೈ ಕೊಡುತ್ತಾರೆ, ಮಣಿಕಟ್ಟು ಹೋಗುತ್ತದೆ. ಕೈ ಕೊಡಲು ಸಮಯ ಸಿಗದವರು ಭುಜ ಊರುತ್ತಾರೆ. ಆಚೆ ಮೂಲೆಯಲ್ಲಿ ಸ್ಕೂಟರ್ ಹಿಂದೆ ಒಂದೇ ಕಡೆ ಕಾಲಿಟ್ಟು ಕೂತಿದ್ದ ಹೆಂಗಸು. ಹಿಡಿಯಲು ಏನೂ ಸಿಗದೆ ಹಿಂದಕ್ಕೆ ಬಿದ್ದವರು, ಪೆಟ್ಟು ತಲೆಯ ಹಿಂಭಾಗಕ್ಕೆ. ಹೆಲ್ಮೆಟ್ ಗಂಡನ ತಲೆಯ ಮೇಲಿತ್ತು. ಮೂವರಲ್ಲಿ ಡಾಕ್ಟರ್ ಹೆಚ್ಚು ಹೊತ್ತು ನಿಂತದ್ದು ಅವರ ಬಳಿಯೇ.

ನಮ್ಮ ಕೆಲಸದಲ್ಲಿ ಸರ್ವರ್ ಬಿದ್ದರೆ ಮೊದಲು ಲಾಗ್ ತೆರೆಯುತ್ತೇವೆ. ಎಲ್ಲಿ, ಎಷ್ಟು ಹೊತ್ತಿಗೆ, ಯಾವುದರ ಹಿಂದೆ ಯಾವುದು ಕೆಟ್ಟಿತು ಎಂದು ನೋಡುತ್ತೇವೆ. ಎಮರ್ಜೆನ್ಸಿ ವಿಭಾಗದ ರಿಜಿಸ್ಟರ್ ಈ ಊರುಗಳ ಲಾಗ್ ಎಂದು ಆ ನೋವಿನಲ್ಲೂ ನನಗನಿಸಿತು. ಎಂಟೆಕ್ ಓದಿದವನ ಚಟ, ಕ್ಷಮಿಸಿ.

ಆದರೆ ಆ ಲಾಗ್ ಅರ್ಧ ಮಾತ್ರ. ಅದು ಗೊತ್ತಾದದ್ದು ಆಮೇಲೆ, ಆರು ವಾರ ಕೈಜೋಳಿಗೆ ಹಾಕಿಕೊಂಡು ಮನೆಯಲ್ಲಿ ಕೂತಾಗ. 2023ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1.72 ಲಕ್ಷ, ಗಾಯಗೊಂಡವರು 4.62 ಲಕ್ಷ. ಅಂದರೆ ಒಂದು ಸಾವಿಗೆ ಎರಡೂವರೆಗಿಂತ ಹೆಚ್ಚು ಗಾಯಾಳುಗಳು. ಅದೇ ವರ್ಷ ಮುಂಬೈ ಲೋಕಲ್ ಮಾರ್ಗಗಳಲ್ಲಿ ಸತ್ತವರು 2,590, ಗಾಯಗೊಂಡವರು 2,441. ಬಾಂಬೆ ಹೈಕೋರ್ಟಿನ ಮುಂದೆ ಬಂದ ಲೆಕ್ಕವಿದು, ದಿನಕ್ಕೆ ಏಳು ಸಾವು. ಗಾಯಾಳುಗಳಿಗಿಂತ ಸತ್ತವರೇ ಹೆಚ್ಚು! ಹಳಿ ದಾಟುವಾಗ ಸಿಕ್ಕವರು, ಕಂಬಕ್ಕೆ ತಲೆ ಬಡಿದವರು ಎಷ್ಟೋ ಜನ ಎಮರ್ಜೆನ್ಸಿ ವಾರ್ಡಿನವರೆಗೆ ಬರುವುದೇ ಇಲ್ಲ. ಅಲ್ಲಿ ಬೆಂಚಿನ ಮೇಲೆ ಕೂತು ಚಹಾ ಕೇಳುತ್ತಿದ್ದ ನನ್ನಂಥವರನ್ನು ಎಣಿಸಿ ರೈಲಿನ ಅಪಾಯವನ್ನು ಅಳೆದರೆ ಲೆಕ್ಕ ತಪ್ಪುತ್ತದೆ.

ಗಾಯವನ್ನು ಸರಿಯಾಗಿ ಓದಿದರೆ ಊರು ಬದಲಾದ ಉದಾಹರಣೆಯೂ ಇದೆ. 2014ರ ಜನವರಿಯಲ್ಲಿ ಘಾಟ್‌ಕೋಪರ್‌ನಲ್ಲಿ ಮೋನಿಕಾ ಮೋರೆ ಎಂಬ ಹುಡುಗಿ ಗಾಡಿ ಹತ್ತುವಾಗ ಪ್ಲಾಟ್‌ಫಾರ್ಮ್ ಮತ್ತು ಬೋಗಿಯ ನಡುವಿನ ಸಂದಿಗೆ ಬಿದ್ದು ಎರಡೂ ಕೈ ಕಳೆದುಕೊಂಡಳು. ಆ ಸಂದಿಯ ಬಗ್ಗೆ ಹೈಕೋರ್ಟ್ ಪ್ರಶ್ನಿಸಿತು, ತಗ್ಗು ಪ್ಲಾಟ್‌ಫಾರ್ಮ್‌ಗಳನ್ನು ಎತ್ತರಿಸುವ ಕೆಲಸ ಶುರುವಾಯಿತು. 2020ರಲ್ಲಿ ಆಕೆಗೆ ಕೈಗಳ ಕಸಿಯಾಯಿತು. ಅದಕ್ಕೂ ಮೊದಲು, 1989ರಲ್ಲಿ ರೈಲಿನಡಿ ಎರಡೂ ಕಾಲು ಕಳೆದುಕೊಂಡ ಸಮೀರ್ ಝವೇರಿ ಕೋರ್ಟಿಗೆ ಅಲೆದಿದ್ದರು. ನಿಲ್ದಾಣಗಳಲ್ಲಿ ಆಂಬುಲೆನ್ಸ್, ತುರ್ತು ಚಿಕಿತ್ಸಾ ಕೊಠಡಿ ಬಂದದ್ದರ ಹಿಂದೆ ಅವರ ಹೋರಾಟವಿದೆ. ಕೈಕಾಲು ಕಳೆದುಕೊಂಡವರು ಇಷ್ಟು ಮಾಡಿಸಬೇಕಾಯಿತು ಎಂಬುದೇ ನನಗೆ ಸಿಟ್ಟು ತರಿಸುತ್ತದೆ.

ಬಾಗಿಲ ಸರದಿ ಬಂದದ್ದು 2025ರ ಜೂನ್ 9ಕ್ಕೆ. ಸೋಮವಾರ ಬೆಳಿಗ್ಗೆ, ದಿವಾ-ಮುಂಬ್ರಾ ನಡುವಿನ ತಿರುವು. ಕಸಾರಾ ಕಡೆಗೆ ಒಂದು ಲೋಕಲ್, ಸಿಎಸ್‌ಎಂಟಿ ಕಡೆಗೆ ಇನ್ನೊಂದು. ಫುಟ್‌ಬೋರ್ಡಿನಲ್ಲಿ ನೇತಾಡುತ್ತಿದ್ದವರು, ಅವರ ಬೆನ್ನಿನ ಬ್ಯಾಗುಗಳು ಒಂದಕ್ಕೊಂದು ತಾಗಿದವೆಂದು ರೈಲ್ವೆಯವರು ಅಂದು ಹೇಳಿದರು. ಅವತ್ತೇ ನಾಲ್ವರು ಹೋದರು. ಗಾಯಗೊಂಡವರನ್ನು ಕಳ್ವಾದ ಛತ್ರಪತಿ ಶಿವಾಜಿ ಮಹಾರಾಜ್ ಆಸ್ಪತ್ರೆಗೆ ಸಾಗಿಸಿದರು. ಹೊಸದಾಗಿ ಬರುವ ಗಾಡಿಗಳಿಗೆ ತಾನಾಗಿ ಮುಚ್ಚುವ ಬಾಗಿಲು ಇರಿಸುವುದಾಗಿ ರೈಲ್ವೆ ಅಂದೇ ಘೋಷಿಸಿತು. ಎಸಿ ಇಲ್ಲದ ಬೋಗಿಯ ಬಾಗಿಲು ಮುಚ್ಚಿದರೆ ಒಳಗಿನವರು ಉಸಿರಾಡುವುದು ಹೇಗೆ? ಅದಕ್ಕೆ ಸಂದಿಯಿರುವ ಬಾಗಿಲು, ಛಾವಣಿಯಿಂದ ಗಾಳಿ ಎಂಬ ವಿನ್ಯಾಸವನ್ನೂ ಹೇಳಿದರು. ಬರಲಿ. ಆದರೆ ಬಾಗಿಲಲ್ಲಿ ನೇತಾಡುವವರು ಶೋಕಿಗೆ ನಿಂತವರಲ್ಲ. ಡೊಂಬಿವಲಿಯಲ್ಲಿ ಎಂಟು ಗಂಟೆಗೆ ಹತ್ತಿ ನೋಡಿ, ಒಳಗೆ ಜಾಗ ಎಲ್ಲಿದೆ? ಗಾಡಿಗಳ ಸಂಖ್ಯೆ ಹೆಚ್ಚದೆ ಬಾಗಿಲು ಮಾತ್ರ ಮುಚ್ಚಿದರೆ ನಮ್ಮಲ್ಲಿ ಅರ್ಧ ಮಂದಿ ಪ್ಲಾಟ್‌ಫಾರ್ಮಿನಲ್ಲೇ ಉಳಿಯುತ್ತೇವೆ.

ನಾನು ಈಗ ಇಪ್ಪತ್ತು ನಿಮಿಷ ಮೊದಲೇ ಹೊರಟು ಸ್ಲೋ ಲೋಕಲ್ ಹತ್ತುತ್ತೇನೆ, ಬ್ಯಾಗ್ ಎದೆಯ ಮೇಲೆ. ದಿನವೂ ಅಲ್ಲ. ತಡವಾದ ದಿನ ಫಾಸ್ಟೇ, ಬಾಗಿಲೇ.

ಮುಂಬ್ರಾ ಸುದ್ದಿ ಟೀವಿಯಲ್ಲಿ ನೋಡಿ ಗದಗಿನಿಂದ ಅವ್ವ ಫೋನ್ ಮಾಡಿದ್ದಳು. "ನೀ ಬಾಗಲದಾಗ ನಿಂದರಂಗಿಲ್ಲ ಹೌದಲ್ಲೊ?"

"ಇಲ್ಲ ಬೇ."

ಕಾಲರ್ ಬೋನ್ ಮುರಿದಾಗ ಬಚ್ಚಲದಾಗ ಜಾರಿಬಿದ್ದೆ ಅಂದಿದ್ದೆ. ಆಗ ಊರಿಂದ ಬರುವವರ ಕೈಯಲ್ಲಿ ಅವಳು ಕಳಿಸಿದ ರಬ್ಬರ್ ಮ್ಯಾಟ್ ಇವತ್ತಿಗೂ ನಮ್ಮ ಬಚ್ಚಲಿನಲ್ಲಿದೆ.