ನಿಮಗಿದು ಗೊತ್ತೆ? ನೂರಕ್ಕೆ 96 ಸರಿಯಾದರೂ ಸಾಲದು!

ಗಣಕಯಂತ್ರದೊಳಗೆ ನಿರ್ಮಿಸಿದ ವಾಯುಮಂಡಲದ ಪ್ರತಿರೂಪವು ನಿಜವಾದ ಆಕಾಶದ ನಡೆಯನ್ನು ಎಷ್ಟರಮಟ್ಟಿಗೆ ಅನುಸರಿಸುವುದೆಂಬುದನ್ನು ಪರೀಕ್ಷಿಸಲು ಹವಾಮಾನಶಾಸ್ತ್ರಜ್ಞರು ಇಂದು ಬಳಸುವ ಮಾನದಂಡಗಳಲ್ಲೊಂದು, ಅಂತಹ ಯಂತ್ರವು ಇನ್ನೂ ಬಳಕೆಗೆ ಬಾರದಿದ್ದ 1884ರಲ್ಲಿ, ಅಮೆರಿಕದಲ್ಲಿ ಎದ್ದ ವಿವಾದವೊಂದರಿಂದ ಜನ್ಮ ತಳೆಯಿತು.

ಅಲ್ಲಿಯ ಸೇನೆಯ ಸಿಗ್ನಲ್ ದಳಕ್ಕೆ ಸೇರಿದ ಜಾನ್ ಫಿನ್ಲೆ ಎಂಬಾತನು ಟಾರ್ನೆಡೊ ಎಂಬ ಭೀಕರ ಸುಂಟರಗಾಳಿಯನ್ನು ಕುರಿತು ಆ ವರ್ಷ ನೀಡಿದ 2803 ಮುನ್ಸೂಚನೆಗಳಲ್ಲಿ, ಬರುವುದೆಂದಾಗ ಬಂದದ್ದು 28, ಬರುವುದೆಂದರೂ ಬಾರದಿದ್ದುದು 72, ಬಾರದೆಂದರೂ ಬಂದದ್ದು 23, ಬಾರದೆಂದಂತೆಯೇ ಬಾರದಿದ್ದುದು 2680. ಅಂದರೆ ನೂರಕ್ಕೆ 96.6 ಸರಿ! ಆದರೆ, ಪ್ರತಿ ಸಲವೂ ಕಣ್ಣು ಮುಚ್ಚಿಕೊಂಡು ‘ಬಾರದು’ ಎಂದಿದ್ದರೂ ನೂರಕ್ಕೆ 98.2 ಸರಿಯಾಗುತ್ತಿತ್ತೆಂದು ವಿಮರ್ಶಕರು ಎತ್ತಿತೋರಿಸಿದರು.

ವಿರಳ ಘಟನೆಗಳ ವಿಷಯದಲ್ಲಿ ಅನಾಯಾಸವಾಗಿ ದೊರೆಯುವ ಇಂತಹ ಯಶಸ್ಸಿಗೆ ಬೆಲೆಯಿಲ್ಲವೆಂದರಿತ ಭೂವಿಜ್ಞಾನಿ ಗ್ರೋವ್ ಕಾರ್ಲ್ ಗಿಲ್ಬರ್ಟನು, ಆ 2680ನ್ನು ಬದಿಗಿರಿಸಿ, ಉಳಿದ 123ರಲ್ಲಿ ಫಲಿಸಿದ್ದು 28 ಮಾತ್ರವೆಂದು ಗಣಿಸುವ ಕ್ರಮವನ್ನು ಸೂಚಿಸಲು, ಫಿನ್ಲೆಯ ಅಂಕವು ನೂರಕ್ಕೆ ಸುಮಾರು 23ಕ್ಕೆ ಇಳಿಯಿತು. ‘ಕ್ರಿಟಿಕಲ್ ಸಕ್ಸೆಸ್ ಇಂಡೆಕ್ಸ್’ ಎಂಬ ಹೆಸರಿನಿಂದ ಈ ಮಾನದಂಡವು ಇಂದಿಗೂ ಬಳಕೆಯಲ್ಲಿದೆ.

ಆದರೆ ಈ ಮಾನದಂಡವೊಂದರಿಂದಲೇ ಪರೀಕ್ಷೆ ಮುಗಿಯದು. ವಾಯುಮಂಡಲದ ಯಾವ ಪ್ರತಿರೂಪವೇ ಆಗಲಿ, ತನ್ನ ರಚನೆಗೆ ಬಳಸದಿದ್ದ ಹೊಸ ದತ್ತಾಂಶಗಳೆದುರು ನಿಲ್ಲಬೇಕು. ‘ಇಂದಿನಂತೆಯೇ ನಾಳೆಯೂ’ ಎಂಬ ಸುಲಭದ ಊಹೆಯನ್ನಾದರೂ ಮೀರಿಸಬೇಕು. ಸರಾಸರಿಯೊಂದರಲ್ಲೇ ಅಲ್ಲದೆ, ಏರಿಳಿತಗಳ ವ್ಯಾಪ್ತಿಯಲ್ಲಿಯೂ ವಾಸ್ತವವನ್ನು ಹೋಲಬೇಕು. ಇವು ಸಂಖ್ಯಾಶಾಸ್ತ್ರವು ಅದಕ್ಕೆ ಒಡ್ಡುವ ಪ್ರಧಾನ ಪರೀಕ್ಷೆಗಳು.