ನಿಮಗಿದು ಗೊತ್ತೆ? ಸಿಐಡಿ 999: ಯಾವುದು ಮೇಲು?

ಕನ್ನಡಕ್ಕೂ ಒಬ್ಬ ಬಾಂಡ್ ಇದ್ದ. ದೊರೆ–ಭಗವಾನ್ ಜೋಡಿಯ ನಿರ್ದೇಶನದಲ್ಲಿ ಡಾ. ರಾಜ್‌ಕುಮಾರ್ ನಾಲ್ಕು ಚಿತ್ರಗಳಲ್ಲಿ ಸಿಐಡಿ 999 ಆಗಿ ಪಿಸ್ತೂಲು ಹಿಡಿದರು. 1968ರಲ್ಲಿ ‘ಜೇಡರ ಬಲೆ’, ಅದೇ ವರ್ಷ ‘ಗೋವಾದಲ್ಲಿ ಸಿಐಡಿ 999’, 1969ರಲ್ಲಿ ‘ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿಐಡಿ 999’. ಮುಂದಿನದಕ್ಕೆ ಒಂಬತ್ತು ವರ್ಷ ಕಾಯಬೇಕಾಯಿತು: 1978ರ ‘ಆಪರೇಷನ್ ಡೈಮಂಡ್ ರಾಕೆಟ್’.

ಅಭಿಮಾನಿಗಳ ವಾದ ಇಲ್ಲೇ ಶುರು. ಹಳಬರಿಗೆ ಕಪ್ಪು–ಬಿಳುಪಿನ ‘ಜೇಡರ ಬಲೆ’ಯೇ ಮೊದಲು, ಆಮೇಲೆ ಉಳಿದದ್ದೆಲ್ಲ. ನಂತರದವರಿಗೆ ಬಣ್ಣದ ‘ಡೈಮಂಡ್ ರಾಕೆಟ್’ ಬೇಕು, ಜಿ.ಕೆ. ವೆಂಕಟೇಶ್ ಸಂಗೀತದಲ್ಲಿ ರಾಜ್ ಸ್ವತಃ ಹಾಡಿದ ಇಂಗ್ಲಿಷ್ ಹಾಡೊಂದೇ ಅವರಿಗೆ ಸಾಕು. ಆ ಹಾಡು ಇಂದಿನ ಹುಡುಗರ ಬಾಯಲ್ಲೂ ಇದೆ. ಆದರೂ ಹಾಡನ್ನು ಬದಿಗಿಟ್ಟು ಪತ್ತೇದಾರಿಕೆಯನ್ನಷ್ಟೇ ನೋಡಿದರೆ ‘ಜೇಡರ ಬಲೆ’ಯ ಬಿಗಿ ಮತ್ತೆ ಸಿಗಲಿಲ್ಲ ಎನ್ನಲೇಬೇಕು.

ಈ ಚರ್ಚೆಯಲ್ಲಿ ಸೊರಗುವುದು ಪಾಪ, ‘ಜಾಕ್‌ಪಾಟ್’. ಆದರೆ ಮುಂದೆ ಹಿಂದಿ ಚಿತ್ರರಂಗವನ್ನು ಆಳಿದ ರೇಖಾ ನಾಯಕಿಯಾದ ಮೊದಲ ಚಿತ್ರ ಅದೇ! ಇನ್ನು, ‘ಜೇಡರ ಬಲೆ’ಯಿಂದ ಒಂದಾದ ದೊರೆ–ಭಗವಾನ್ ಅವರೇ ‘ಕಸ್ತೂರಿ ನಿವಾಸ’ವನ್ನೂ ಕೊಟ್ಟರು.