ಹೊಲ ಕಾಯಲು ಯಾವ ಬೈನಾಕ್ಯುಲರ್?

ನಮ್ಮ ಹೊಲ ಬನ್ನೇರುಘಟ್ಟ ಕಾಡಿನಂಚಿನಲ್ಲಿದೆ. ರಾಗಿ ತೆನೆ ಬಲಿಯುವ ಹೊತ್ತಿಗೆ ಹಂದಿ, ಆನೆ ಎರಡೂ ಬರ್ತವೆ. ಲೈಸೆನ್ಸ್ ಕೋವಿ ಇರುವ ನೆಂಟರೊಬ್ಬರು ಅದಕ್ಕೊಂದು ದುರ್ಬೀನು ಹಾಕಿಸೋಣ ಅಂದರು. ನಾನು ಬೇಡ ಅಂದೆ. 1972ರ ವನ್ಯಜೀವಿ ಕಾಯ್ದೆಯಂತೆ ಅಪ್ಪಣೆಯಿಲ್ಲದೆ ಹಂದಿ ಹೊಡೆಯುವುದೂ ಅಪರಾಧ. ಅದಿರಲಿ, ಮಬ್ಬಿನಲ್ಲಿ ಅಲುಗಿದ್ದು ಏನೆಂದು ನೋಡಲು ಕೋವಿ ಎತ್ತಿದಾಗ ಅದು ಪಕ್ಕದ ಹೊಲದ ಕಾವಲಿನವನಾಗಿದ್ದರೆ?

ಕತ್ರಿಗುಪ್ಪೆಯ ಮಗಳ ಮನೆಗೆ ಹೋಗಿದ್ದಾಗ ಬೈನಾಕ್ಯುಲರ್ ಕೊಂಡೆ. ಅದರ ಮೇಲೆ 8×40, 10×50 ಅಂತ ಇರುತ್ತೆ. ಮೊದಲಿನದು ಎಷ್ಟು ಪಟ್ಟು ಹತ್ತಿರ ಕಾಣುತ್ತದೆಂಬ ಲೆಕ್ಕ, ಎರಡನೆಯದು ಮುಂದಿನ ಗಾಜಿನ ಅಗಲ, ಮಿಲಿಮೀಟರಿನಲ್ಲಿ. 40ನ್ನು 8ರಿಂದ ಭಾಗಿಸಿದರೆ 5. ಕಣ್ಣಿಗೆ ಬರುವ ಬೆಳಕಿನ ಬೊಟ್ಟು ಅಷ್ಟು ಮಿ.ಮೀ. ಜೇಬಿಗೆ ಹಿಡಿಸುವ 10×25ರಲ್ಲಿ ಎರಡೂವರೆ ಮಾತ್ರ. ಹಗಲಿಗೆ ಸರಿ, ಮುಸ್ಸಂಜೆಗೆ ಮಂಕು. ಐವತ್ತು ದಾಟಿದ ನಮ್ಮಂಥವರ ಕಣ್ಣಿನ ಪಾಪೆ ಕತ್ತಲಲ್ಲೂ ಹೆಚ್ಚಾಗಿ 5ರ ಆಸುಪಾಸಿಗೇ ನಿಲ್ಲುತ್ತೆ. ಅದಕ್ಕಿಂತ ದೊಡ್ಡದಕ್ಕೆ ಕೊಟ್ಟ ದುಡ್ಡು ದಂಡ.

ಅಂಗಡಿಯವನು 20 ಪಟ್ಟಿನದನ್ನೇ ಹೊಗಳಿದ. ಕೈ ತುಸು ನಡುಗಿದರೆ ಅದರಲ್ಲಿ ಆನೆಯೂ ಕುಣಿಯುತ್ತೆ! ನಾನು 8×40 ತಗೊಂಡೆ.

ಕೊಳ್ಳುವ ಮುಂಚೆ ಹೊರಗೆ ಬಂದು ದೂರದ ಬೋರ್ಡು ಓದಿ. ಅಕ್ಷರ ಎರಡೆರಡಾಗಿ ಕಂಡರೆ, ಕಣ್ಣು ಎಳೆದಂತಾದರೆ ಬಿಟ್ಟುಬಿಡಿ. ಕನ್ನಡಕದವರು ಕಣ್ಣಿಡುವ ಕಡೆಯ ರಬ್ಬರ್ ಮಡಚಿಕೊಂಡು ನೋಡಬೇಕು. ಪೆಟ್ಟಿಗೆ ಮೇಲೆ "ರಾತ್ರಿಯೂ ಕಾಣುತ್ತೆ" ಅಂತಿದ್ದರೆ ನಂಬಬೇಡಿ. ಅಮಾವಾಸ್ಯೆ ಕತ್ತಲಿಗೆ ಟಾರ್ಚೇ ಗತಿ. ಸೂರ್ಯನ ಕಡೆ ಮಾತ್ರ ತಿರುಗಿಸಲೇಬೇಡಿ, ಕಣ್ಣು ಹೋಗುತ್ತೆ.

ಹೋದ ಸುಗ್ಗಿಯಲ್ಲಿ ಮುಸ್ಸಂಜೆಗೇ ಮೂರು ಆನೆ ಕಂಡವು. ನೀರು ಕಟ್ಟುತ್ತಿದ್ದ ಪಕ್ಕದವನಿಗೆ ಫೋನ್ ಮಾಡಿ ಮನೆಗೆ ಕಳಿಸಿದೆ. ರಾಗಿ ಒಂದು ಮೂಲೆ ಹೋಯ್ತು.